ನಾಲ್ಕನೇ ಮಹಡಿಯ ಸರದಿ

ಮಕ್ಕಳೇ,

ಮೊನ್ನೆ ಬೆಳಿಗ್ಗೆ ಫೋನು ಬಂದಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ. ವಾಲ್ವ್ ತಾತ ತೀರಿಹೋದರು ಎಂಬ ಸುದ್ದಿ. ಹೆಂಡತಿ ತೀರಿಕೊಂಡ ಮೇಲೆ ಅವರು ಈ ಕಟ್ಟಡ ಬಿಟ್ಟು ಬೆಸಗರಹಳ್ಳಿ ಕಡೆಯ ತಮ್ಮ ಊರಿಗೆ ಹೋಗಿ ನೆಲೆಸಿದ್ದರು. ಆಮೇಲೆ ನಾನು ಅವರನ್ನು ನೋಡಿರಲಿಲ್ಲ. ಫೋನಿಟ್ಟ ಮೇಲೆ ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಾ ಕೂತಿದ್ದೆನಂತೆ. ನಿಮ್ಮಲ್ಲಿ ದೊಡ್ಡವನು ಬಂದು, "ಯಾಕಜ್ಜಿ, ಅವರು ನಮ್ಮ ನೆಂಟರಾ?" ಎಂದು ಕೇಳಿದ.

ನೆಂಟರಲ್ಲ. ಆದರೆ ಒಬ್ಬ ಮನುಷ್ಯ ಹೀಗೂ ಮಾಡಬಹುದೇ ಎಂದು ನಾನು ಬೆಚ್ಚಿಬಿದ್ದದ್ದು ಅವರಿಂದ. ಆ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ. ನನಗೆ ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ವೈದ್ಯನಾಥಪುರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಇದೆ. ಅದರಲ್ಲೇ ಬರೆದಿಡುತ್ತೇನೆ. ಅವರ ಮನೆಯ ಮಾತೂ ಇದರಲ್ಲಿ ಬರುವುದರಿಂದ ಹೆಸರು ಬೇಡ. ವಾಲ್ವ್ ತಾತ ಎಂದು ನೀವೇ ಇಟ್ಟ ಹೆಸರು ಸಾಕು.

ದೊಡ್ಡವರೆಲ್ಲ ಅವರನ್ನು ಅಧ್ಯಕ್ಷರು ಎನ್ನುತ್ತಿದ್ದರು. ಮದ್ದೂರಿನ ನಮ್ಮ ಈ ಕಟ್ಟಡದ ಮನೆಗಳವರೆಲ್ಲ ಸೇರಿ ಸಂಘ ಮಾಡಿಕೊಂಡಾಗ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಕಮಿಟಿಯಲ್ಲಿ ಅವರಲ್ಲದೆ ಇನ್ನೂ ನಾಲ್ಕು ಜನ. ಲಿಫ್ಟು ಕೆಟ್ಟರೆ, ಗೇಟಿನ ಕಾವಲಿಗೆ ಜನ ಬೇಕಾದರೆ, ಗಣಪತಿ ಕೂರಿಸಬೇಕಾದರೆ ಕಮಿಟಿ ಕೂತು ತೀರ್ಮಾನ ಮಾಡುತ್ತಿತ್ತು. ನಾವು ತಲೆಯಾಡಿಸುತ್ತಿದ್ದೆವು.

ಅದಕ್ಕೆ ಮುಂಚೆ ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಮದ್ದೂರು–ಮಳವಳ್ಳಿ ದಾರಿಯಲ್ಲೇ ಅವರ ಕೂದಲು ಬೆಳ್ಳಗಾಯಿತು. ಕೆಲಸ ಬಿಟ್ಟ ಮೇಲೂ ಯಾವುದಾದರೂ ಚೀಟಿ ಸಿಕ್ಕರೆ ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಹೆಂಗಸರು ಮಾತಾಡುತ್ತಾ ನಿಂತಿದ್ದರೆ, "ಮುಂದಕ್ಕೋಗಿ, ಮುಂದಕ್ಕೋಗಿ, ಒಳಗ್ ಜಾಗ ಅದೆ" ಎನ್ನುತ್ತಾ ನಡುವೆ ನುಸುಳಿ ಹೋಗುತ್ತಿದ್ದರು. ಬಸ್ಸು ಬಂದ ಕೂಡಲೇ ಜನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಾರಲ್ಲ, ಅದು ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಯಾರೋ ದೊಡ್ಡ ಗೌಡರ ಟವಲು. ಅದನ್ನು ಎತ್ತಿ ಮೇಲಿನ ಕಂಬಿಗೆ ನೇತುಹಾಕಿ, ಕಂಕುಳಲ್ಲಿ ಕೂಸಿದ್ದ ಹೆಂಗಸನ್ನು ಕೂರಿಸಿದರಂತೆ. "ಟವಲ್ ನಿಂತ್ಕಂಡ್ ಬರ್ಲಿ ಬುಡಿ ಗೌಡ್ರೆ, ಅದಕ್ಕೇನ್ ಕಾಲ್ ನೋಯ್ತದಾ" ಎಂದರಂತೆ. ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. ಕೇಳಿದವರು ನಗುತ್ತಿದ್ದರು.

ಅವರ ತಂದೆ ಊರಿನಲ್ಲಿ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವ ಕೆಲಸ. ತೂಬಿನ ಹತ್ತಿರದ ಗದ್ದೆಯವನು ಎಷ್ಟು ದೊಡ್ಡವನಾದರೂ ಅವರು ಮೊದಲು ನೀರು ಹಾಯಿಸುತ್ತಿದ್ದದ್ದು ಕಾಲುವೆಯ ಕೊನೆಯ ಗದ್ದೆಗೆ. ಮಗ ಇಲ್ಲಿ ಮಾಡಿದ್ದೂ ಅದನ್ನೇ. ಬೇಸಿಗೆಯಲ್ಲಿ ಬೋರು ಕೈಕೊಡುತ್ತಿತ್ತು. ಪುರಸಭೆಯ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಮೇಲಿನ ಟ್ಯಾಂಕಿನಿಂದ ಒಂದೊಂದು ಮಹಡಿಗೂ ಬೇರೆ ಬೇರೆ ಪೈಪು, ಒಂದೊಂದಕ್ಕೂ ಒಂದು ವಾಲ್ವು. ಅವನ್ನು ತಿರುಗಿಸುವ ಕಬ್ಬಿಣದ ಚಾವಿ ಅವರ ಸೊಂಟದಲ್ಲಿ. ನಮ್ಮದು ನಾಲ್ಕನೇ ಮಹಡಿ, ಟ್ಯಾಂಕಿನ ಕೆಳಗೇ ಇದ್ದರೂ ಒತ್ತಡ ಸಾಲದೆ ಎಲ್ಲರಿಗಿಂತ ಕೊನೆಗೆ ನೀರು ಹತ್ತುವುದು ಅಲ್ಲಿಗೇ. ಬೆಳಗಿನ ಮೊದಲ ನೀರು ನಮಗೆ. ವಾಲ್ವು ತಿರುಗಿಸಿ, ಜ್ವರ ನೋಡುವವರ ಹಾಗೆ ಪೈಪಿನ ಮೇಲೆ ಅಂಗೈ ಇಟ್ಟು, ನೀರು ಹತ್ತಿತೋ ಇಲ್ಲವೋ ಹೇಳುತ್ತಿದ್ದರು.

ಬೇಸಿಗೆ ಶುರುವಾಗುವ ಮೊದಲು ಅವರು ಮನೆಮನೆಗೂ ಬಂದು, ನಿಮಗೆ ಯಾವ ಹೊತ್ತಿಗೆ ನೀರು ಬೇಕು ಎಂದು ಕೇಳುತ್ತಿದ್ದರು. ಗೆಜ್ಜಲಗೆರೆಯ ಫ್ಯಾಕ್ಟರಿಗೆ ಪಾಳಿಯಲ್ಲಿ ಹೋಗುವವರಿಗೆ ಒಂದು ಹೊತ್ತು, ಶಾಲೆ ಮಕ್ಕಳಿರುವ ಮನೆಗೆ ಒಂದು ಹೊತ್ತು. ಎಲ್ಲರನ್ನೂ ಕೇಳಿ ಒಂದು ಸರದಿ ಕಟ್ಟುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗ ನಿಮ್ಮಪ್ಪ ಕೆಲಸಕ್ಕೆ ಹೋಗಿದ್ದ. ಮಗ ಬಂದ ಮೇಲೆ ಕೇಳಿಕೊಳ್ಳಿ ಎಂದು ನಾನು ಬಾಗಿಲ ಸಂದಿಯಿಂದಲೇ ಹೇಳಿದೆ. ಬಿಂದಿಗೆ ತುಂಬಿಸುವವರು ನೀವು, ಅವನನ್ನು ಯಾಕೆ ಕೇಳಲಿ ಎಂದು ಅವರು ಅಲ್ಲೇ ನಿಂತರು. ನಿಮ್ಮ ತಾತ ಒಳ್ಳೆಯವರೇ. ಆದರೆ ಅವರಿದ್ದಾಗಲೂ ನನಗೆ ಇಂಥದ್ದು ಬೇಕಾ ಎಂದು ಯಾರೂ ಕೇಳಿದ್ದಿಲ್ಲ. ಹೊತ್ತು ಹುಟ್ಟುವುದಕ್ಕೆ ಮುಂಚೆ ಬಿಟ್ಟರೆ ಒಳ್ಳೆಯದು ಎಂದು ಹೇಗೋ ಹೇಳಿದೆ. ಹಾಗೇ ಆಯಿತು.

ಇನ್ನು ಆ ದಿನದ ವಿಷಯ.

ಅವರಿಗೆ ಒಬ್ಬಳೇ ಮಗಳು. ಮಳವಳ್ಳಿಯ ಮನೆಗೆ ಕೊಟ್ಟಿದ್ದರು. ಹುಡುಗ ಗೆಜ್ಜಲಗೆರೆಯಲ್ಲಿ ಕೆಲಸಕ್ಕಿದ್ದ. ಮದುವೆ ಗಂಡಿನ ಕಡೆಯವರು ಮಾಡಿಕೊಳ್ಳುವುದು, ಬೀಗರೂಟ ಹೆಣ್ಣಿನ ಕಡೆಯವರು ಹಾಕುವುದು ಎಂದು ಮಾತಾಗಿತ್ತು. ಬೀಗರೂಟ ಎಂದರೆ ನಮ್ಮ ಕಡೆ ಮದುವೆಗಿಂತ ಹೆಚ್ಚು. ತಾಳಿ ಕಟ್ಟಿದ್ದನ್ನು ಮರೆಯುತ್ತಾರೆ, ಬೀಗರೂಟದಲ್ಲಿ ಸಾರು ತೆಳ್ಳಗಿತ್ತೆಂಬುದನ್ನು ಮೊಮ್ಮಕ್ಕಳಾದ ಮೇಲೂ ಆಡುತ್ತಾರೆ. ಹೊಸ ಮನೆಯಲ್ಲಿ ಹೆಣ್ಣು ತಲೆಯೆತ್ತಿ ನಡೆಯುವುದು ಅವಳ ಅಪ್ಪ ಹಾಕಿದ ಆ ಊಟದ ಮೇಲೆ ನಿಂತಿರುತ್ತದೆ.

ನಮ್ಮ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಶಾಮಿಯಾನ ಹಾಕಿದರು. ಆಗ ಬೇಸಿಗೆ. ನೀರಿಗಾಗಿ ಅವರು ಟ್ಯಾಂಕರಿಗೆ ಹೇಳಿದ್ದರು. ತಾವು ಬೀಗರನ್ನು ಎದುರುಗೊಳ್ಳಬೇಕಲ್ಲ ಎಂದು, ಅವತ್ತೊಂದು ದಿನ ವಾಲ್ವಿನ ಚಾವಿಯನ್ನು ಕಮಿಟಿಯ ಕಾರ್ಯದರ್ಶಿಯ ಕೈಗೆ ಕೊಟ್ಟು, ಸರದಿ ತಪ್ಪಿಸಬೇಡಿ ಎಂದಿದ್ದರು.

ಕಾರ್ಯದರ್ಶಿ ಸಿಮೆಂಟ್ ಅಂಗಡಿ ಇಟ್ಟುಕೊಂಡಿದ್ದವನು. ಕೆಟ್ಟವನಲ್ಲ. ಅಧ್ಯಕ್ಷರು ಇಷ್ಟು ವರ್ಷ ಎಲ್ಲರಿಗೂ ನೀರು ಬಿಟ್ಟಿದ್ದಾರೆ, ಅವರ ಒಬ್ಬಳೇ ಮಗಳ ಊಟಕ್ಕೆ ಹೊರಗಿನ ಟ್ಯಾಂಕರು ತರಿಸಿದರೆ ಸಂಘಕ್ಕೇ ಅವಮಾನ ಎಂದು ಅವನಿಗೆ ಅನಿಸಿತು. ಕಮಿಟಿಯ ಉಳಿದ ಮೂವರಿಗೂ ಹಾಗೇ ಅನಿಸಿತು. ನಾಲ್ವರೂ ಕೂತು ತೀರ್ಮಾನ ಮಾಡಿದರು. ಅಧ್ಯಕ್ಷರಿಗೆ ಹೇಳದೆ ಟ್ಯಾಂಕರನ್ನು ಬೇಡ ಎಂದರು. ನಾಲ್ಕನೇ ಮಹಡಿಯ ವಾಲ್ವು ಮುಚ್ಚಿ, ಆ ನೀರನ್ನು ಊಟದ ಜಾಗಕ್ಕೆ ತಿರುಗಿಸಿದರು. ನಾಲ್ಕನೇ ಮಹಡಿಯವರಿಗೆ ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ ಎಂದು ಕಾಣುತ್ತದೆ.

ನಿಮ್ಮಲ್ಲಿ ಚಿಕ್ಕವಳು ಆಗ ಹುಟ್ಟಿ ತಿಂಗಳೂ ಆಗಿರಲಿಲ್ಲ. ನಿಮ್ಮಮ್ಮ ಬಾಣಂತಿ, ತವರಿನಲ್ಲಿ ಯಾರೂ ಇಲ್ಲದ್ದರಿಂದ ನಾನೇ ಬಾಣಂತನ ಮಾಡುತ್ತಿದ್ದೆ. ನಸುಕಿನಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬೋರು ಕೆಟ್ಟಿರಬೇಕು ಎಂದುಕೊಂಡೆ. ಹಂಡೆಯಲ್ಲಿ ಹಿಂದಿನ ದಿನ ಉಳಿದದ್ದರಲ್ಲಿ ಮಗುವಿಗೆ ನೀರು ಹಾಕಿದೆ, ನಿಮ್ಮಮ್ಮನಿಗೆ ಸಾಲಲಿಲ್ಲ. ಊಟದ ಹೊತ್ತಿಗೆ ಹಿಂಡಬೇಕಾದ ಬಟ್ಟೆ ರಾಶಿಯಾಯಿತು. ತಡೆಯಲಾರದೆ ಬಿಂದಿಗೆ ಹಿಡಿದು ಕೆಳಗಿಳಿದೆ, ಪುರಸಭೆಯ ನೀರೇನಾದರೂ ಬಂದಿದೆಯಾ ನೋಡೋಣ ಎಂದು.

ಕೆಳಗೆ ಮೊದಲ ಪಂಕ್ತಿ ಕೂತಿತ್ತು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರಿನ ವಾಸನೆ. ಹೊಸ ಸೀರೆಯ ಜನರ ನಡುವೆ ಬಿಂದಿಗೆ ಹಿಡಿದು ಹೋಗಲು ನಾಚಿಕೆಯಾಗಿ ಮೆಟ್ಟಿಲಲ್ಲೇ ನಿಂತೆ. ಅಧ್ಯಕ್ಷರು ರೇಷ್ಮೆ ಪಂಚೆ ಉಟ್ಟು, ಬೀಗರ ಎಲೆಗೆ ಸಾರು ಬಡಿಸುತ್ತಿದ್ದವರು, ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಮುಖ ನೋಡಲಿಲ್ಲ, ಬಿಂದಿಗೆ ನೋಡಿದರು. ಸಾರಿನ ಬಕೆಟ್ಟು ಕೆಳಗಿಟ್ಟು ಬಂದು, ಯಾಕೆ ಎಂದು ಕೇಳಿದರು. ಏನಿಲ್ಲ ಎಂದೆ. ಅವರು ನಮ್ಮ ಮಹಡಿಗೆ ಹತ್ತಿ ಹೋಗಿ, ಪೈಪಿನ ಮೇಲೆ ಅಂಗೈ ಇಟ್ಟು ನೋಡಿ ಇಳಿದು ಬಂದರು.

ಕಾರ್ಯದರ್ಶಿಯನ್ನು ಕರೆದರು. ಅವನು ನಗುನಗುತ್ತಲೇ ಬಂದ, ಸಂತೋಷದ ಸುದ್ದಿ ಹೇಳುವವನ ಹಾಗೆ ಎಲ್ಲ ಹೇಳಿದ. ಕಮಿಟಿ ಒಮ್ಮತದಿಂದ ತೀರ್ಮಾನ ಮಾಡಿದೆ ಎಂದ.

"ನಾಕ್ನೇ ಮಾಡಿಯೋರ್ನ ಕೇಳುದ್ರಾ?" ಎಂದರು ಇವರು.

"ಕಮಿಟಿ ತೀರ್ಮಾನ ಆದ್ಮೇಲೆ ಅವ್ರನ್ನ ಕೇಳಾದೇನ್ ಸಾರ್? ಒಂದ್ ದಿನದ್ ಮಾತು."

"ಚಾವಿ ಕೊಡು."

ಅವನು ಕೊಟ್ಟ. ಇವರು ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ ತಾರಸಿಗೆ ಹತ್ತಿದರು. ನನ್ನ ಪಕ್ಕದಲ್ಲೇ ಹೋದರೂ ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬಿದ್ದ ಸದ್ದಾಯಿತು ಎಂದು ನಿಮ್ಮಮ್ಮ ಮೇಲಿನಿಂದ ಕೂಗಿದಳು. ಕೆಳಗೆ ಕೈ ತೊಳೆಯುವ ನಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು.

ಪಂಕ್ತಿಯವರು ಎದ್ದರು. ಮುದ್ದೆ ಅಂಟಿದ ಕೈ, ಜಿಡ್ಡಿನ ಕೈ ಹಿಡಿದುಕೊಂಡು ಸಾಲಾಗಿ ನಿಂತರು. ಕೆಲವರು ಕುಡಿಯಲಿಟ್ಟ ಲೋಟದಲ್ಲೇ ಬೆರಳು ಅದ್ದಿಕೊಂಡರು. ಎರಡನೇ ಪಂಕ್ತಿಗೆ ಮುದ್ದೆ ತೊಳಸಲು ಎಸರಿಗೆ ನೀರಿಲ್ಲ ಎಂದು ಅಡುಗೆಯವನು ಕೋಲು ಹಿಡಿದು ಸುಮ್ಮನೆ ನಿಂತ. ಕೆಳಗಿಳಿದು ಬಂದ ಅಧ್ಯಕ್ಷರು ಟ್ಯಾಂಕರಿನವನಿಗೆ ಫೋನು ಮಾಡುತ್ತಲೇ ಇದ್ದರು. ಬೇಡ ಎಂದಿದ್ದಕ್ಕೆ ಅವನು ಬೇರೆ ಕಡೆ ಹೋಗಿದ್ದ.

ಹುಡುಗನ ತಾಯಿ ಎತ್ತರದ ಹೆಂಗಸು. ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದು ಬಂದು ಅವರ ಎದುರು ನಿಂತಳು.

"ಏನ್ ಬೀಗ್ರೇ, ಕೈ ತೊಳ್ಯಾಕೂ ನೀರಿಲ್ವಾ ನಿಮ್ಮನೇಲಿ?"

"ಇದು ನಾಕ್ನೇ ಮಾಡಿಯೋರ್ಗೆ ಬೆಳಿಗ್ಗೆ ಬುಡ್ಬೇಕಾಗಿದ್ ನೀರು, ನಮ್ ಸರದಿ ಅಲ್ಲ ಕಣವ್ವ. ಟ್ಯಾಂಕರ್ ಬತ್ತದೆ. ಒಂದ್ ಗಳಿಗೆ ತಡ್ಕಳಿ."

ನಾನು ಓಡಿ ಮೇಲೆ ಹೋಗಿ, ಬಂದ ನೀರಿನಲ್ಲೇ ಬಿಂದಿಗೆ ತುಂಬಿಸಿ ತಂದೆ. ಅಷ್ಟು ಜನರ ನಡುವೆ ನಾನು ಹೇಗೆ ನಡೆದು ಹೋದೆನೋ ತಿಳಿಯದು. ಆಕೆಯ ಕೈಗೆ ನೀರು ಹೊಯ್ದೆ. ಅಧ್ಯಕ್ಷರು ಬೇಡ ಎನ್ನಲಿಲ್ಲ. ನಮ್ಮ ಸರದಿಯ ನೀರು, ಕೊಡುವುದು ಬಿಡುವುದು ನಮ್ಮಿಷ್ಟ ಎನ್ನುವ ಹಾಗೆ ಪಕ್ಕಕ್ಕೆ ಸರಿದರು. ಆಕೆ ನಿಧಾನವಾಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೇಳಿದಳು: "ಗುರ್ತಿಲ್ದೋರು ಮೇಲಿಂದ ನೀರ್ ತಂದ್ಕೊಟ್ರು. ಎಣ್ ಕೊಟ್ಟೋರು ಸರದಿ ಎಣಿಸ್ತಾ ಅವ್ರೆ. ನಿಮ್ ಮಗಳ್ನೂ ನಿಮ್ ಸರದೀಲೇ ಇಟ್ಕಳಿ ಬೀಗ್ರೇ."

ಗಂಡಿನ ಕಡೆಯವರು ತಾಂಬೂಲ ಮುಟ್ಟದೆ ಗಾಡಿ ಹತ್ತಿದರು. ಹುಡುಗ ತಾಯಿಯ ಹಿಂದೆ ತಲೆತಗ್ಗಿಸಿ ಹೋದ. ಮದುಮಗಳು ಹೂವಿನ ಜಡೆಯಲ್ಲಿ ಅಲ್ಲೇ ಉಳಿದಳು. ಟ್ಯಾಂಕರು ಬಂದಾಗ ಕುರ್ಚಿಗಳನ್ನು ಮಡಚುತ್ತಿದ್ದರು.

ಮಕ್ಕಳೇ, ನಮ್ಮ ಮನೆಯ ನೀರಿಗಾಗಿ ಅವರು ಇದನ್ನು ಮಾಡಿದರು. ಆ ನೀರಿನಲ್ಲೇ ನಾನು ನಿಮ್ಮಮ್ಮನಿಗೆ ಎರೆದೆ, ಮಗುವಿನ ಬಟ್ಟೆ ಹಿಂಡಿದೆ.

ಬೀಗರ ಕಡೆಯಿಂದ ಮಾತು ಬಂತು. ಅಪ್ಪ ಬಂದು ಎಲ್ಲರೆದುರು ತಾನು ಮಾಡಿದ್ದು ತಪ್ಪು ಎಂದು ಹೇಳಲಿ, ಹೆಣ್ಣನ್ನು ಕರೆಸಿಕೊಳ್ಳುತ್ತೇವೆ. ಅಧ್ಯಕ್ಷರು, ಹೋಗಿ ಹುಡುಗನ ತಾಯಿಯ ಕಾಲಿಗೆ ಬೇಕಾದರೂ ಬೀಳುತ್ತೇನೆ, ಉಪಚಾರ ಕೆಟ್ಟಿತು ಎನ್ನುತ್ತೇನೆ, ನೀರು ನಿಲ್ಲಿಸಿದ್ದು ತಪ್ಪು ಎಂದು ಮಾತ್ರ ಅನ್ನಲಾರೆ ಎಂದರು. ಅವರ ಹೆಂಡತಿ ಊಟ ಬಿಟ್ಟರು. ಮಗಳು ಅತ್ತದ್ದನ್ನು ನಾನು ನೋಡಲಿಲ್ಲ. ದಿನವೂ ನಮ್ಮ ಮನೆಗೆ ಬಂದು ತೊಟ್ಟಿಲು ತೂಗುತ್ತಾ ಕೂರುತ್ತಿದ್ದಳು. ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ.

ಹೀಗಿರುವಾಗ ಸಂಘದ ಸಭೆ ಕರೆದರು. ಕಮಿಟಿಯ ಮಾತು ಮೀರಿದ ಅಧ್ಯಕ್ಷರು ಇರಬೇಕೇ ಬೇಡವೇ ಎಂಬುದು ವಿಷಯ. ಅದೇ ಶಾಮಿಯಾನ ಹಾಕಿದ್ದ ಜಾಗದಲ್ಲಿ ಗಂಡಸರು ಕುರ್ಚಿಯಲ್ಲಿ, ನಾವು ಹೆಂಗಸರು ಮೆಟ್ಟಿಲ ಮೇಲೆ. ಕಾರ್ಯದರ್ಶಿ, ತೀರ್ಮಾನ ಮಾಡುವುದಕ್ಕೇ ಅಲ್ಲವೇ ಕಮಿಟಿ ಇರುವುದು, ಪ್ರತಿಯೊಂದಕ್ಕೂ ಮನೆಮನೆ ಸುತ್ತಲು ಆಗುತ್ತದೆಯೇ ಎಂದ. ಅವನ ಮಾತೂ ನಿಜವೇ. ಅಧ್ಯಕ್ಷರು ಎದ್ದು ನಿಂತರು. ಗೇಟು, ಲಿಫ್ಟು, ದೀಪ, ಎಲ್ಲ ಕಮಿಟಿ ನೋಡಿಕೊಳ್ಳಲಿ. ಆದರೆ ಎಲ್ಲರನ್ನೂ ಕೇಳಿ ಕಟ್ಟಿದ ಸರದಿಯನ್ನು ಅಧ್ಯಕ್ಷನಾಗಲಿ ಕಮಿಟಿಯಾಗಲಿ ಮುಟ್ಟುವ ಹಾಗಿಲ್ಲ, ಯಾರ ನೀರೋ ಅವರನ್ನೇ ಕೇಳಬೇಕು ಎಂದರು.

ಆಗ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿದ್ದ ಮಗಳು ಎದ್ದಳು.

"ಅಪ್ಪ, ನಾಕ್ನೇ ಮಾಡಿಯೋರ್ನ ಕೇಳ್ಬೇಕಾಗಿತ್ತು ಅಂತೀಯ. ಸರಿ. ನೀರ್ ನಿಲ್ಸೋವಾಗ ನನ್ನ ಕೇಳುದ್ಯಾ?"

ಕೂಗಿ ಹೇಳಲಿಲ್ಲ. ಆದರೂ ಗೇಟಿನವರೆಗೆ ಕೇಳಿಸಿತು. ಅಧ್ಯಕ್ಷರು ಅವಳ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯಲಾರೆ. ದಾರಿಯಲ್ಲಿ ನಡೆಯುತ್ತಿದ್ದವನ ಕಾಲ ಕೆಳಗೆ ನೆಲ ಇಲ್ಲದೆ ಹೋದರೆ ಹೇಗಿರುತ್ತದೋ ಹಾಗಿತ್ತು.

ಅಧ್ಯಕ್ಷರು ಬೇಡ ಎನ್ನುವವರು ಕೈ ಎತ್ತಿ ಎಂದು ಯಾರೋ ಹೇಳಿದರು. ಒಂದೊಂದಾಗಿ ಕೈಗಳು ಎದ್ದವು. ನಿಮ್ಮಪ್ಪನೂ ಎತ್ತಿದ. ನಾನು ನಂಬಲಾರದೆ ಅವನನ್ನೇ ನೋಡಿದೆ. ಮನೆಗೆ ಬಂದು ಕೇಳಿದ್ದಕ್ಕೆ, ಸ್ವಂತ ಮಗಳಿಗೇ ಇಷ್ಟು ಮಾಡಿದವರು ನಾಳೆ ನಮ್ಮ ಮನೆಯ ಕಾರ್ಯದಲ್ಲಿ ಏನು ಮಾಡಬಹುದೋ, ನನಗೆ ಭಯವಾಯಿತಮ್ಮ ಎಂದ. ಅದು ಸುಳ್ಳು ಭಯ ಎಂದು ಹೇಳಲು ನನಗಾಗಲಿಲ್ಲ. ಆದರೆ ಸಭೆಯಲ್ಲಿ ಎಲ್ಲರೂ ದಂಗಾದದ್ದು ಕೊನೆಯ ಕೈ ನೋಡಿ. ಅಧ್ಯಕ್ಷರೇ ತಮ್ಮ ಕೈ ಎತ್ತಿದ್ದರು. ಎತ್ತಿದ ಕೈಯಲ್ಲೇ ಚಾವಿ ಇತ್ತು. ಅದನ್ನು ಕಾರ್ಯದರ್ಶಿಯ ಮುಂದಿನ ಮೇಜಿನ ಮೇಲಿಟ್ಟು, "ಎಲ್ರೂ ನನ್ ಎದ್ರುಗೇ ಕೇಳುದ್ರಿ, ನನ್ ಎದ್ರುಗೇ ಕೈ ಎತ್ತುದ್ರಿ. ಇದು ಸರ್ಯಾಗ್ ಅದೆ" ಎಂದು ಹೇಳಿ ಮನೆಯೊಳಗೆ ಹೋದರು.

ಮಾರನೆಯ ಬೆಳಿಗ್ಗೆ ಮಗಳು ಬಟ್ಟೆಯ ಬ್ಯಾಗು ಹಿಡಿದು ನಮ್ಮಲ್ಲಿಗೆ ಬಂದಳು. ಮಗುವಿನ ಕೆನ್ನೆ ಮುಟ್ಟಿ, "ಮಳವಳ್ಳಿಗ್ ಓಯ್ತೀನಿ ಕಣತ್ತೆ" ಎಂದಳು. ಯಾರು ಕರೆದರು ಎಂದೆ. ಯಾರೂ ಕರೆದಿಲ್ಲ, ಯಾರೂ ಕಳಿಸುತ್ತಲೂ ಇಲ್ಲ ಎಂದಳು. ಬಾಗಿಲಿಂದಲೇ ಹಿಂದಕ್ಕೆ ಕಳಿಸಿದರೆ ಈ ಹುಡುಗಿ ಏನಾಗಬೇಕು? ಅವಳ ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಹೋದರಂತೆ. ಬಸ್ಸು ಹತ್ತಲು ಅವಳು ಬಿಡಲಿಲ್ಲವಂತೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅವರೇ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಸೊಂಟದಲ್ಲಿ ಚಾವಿ ಇಲ್ಲದೆ ಬೇರೆ ಯಾರೋ ಎಂಬಂತೆ ಕಂಡರು. ಮಗಳ ಫೋನು ಬಂತು ಎಂದರು. ಅವಳು ಹೋಗಿ ಬಾಗಿಲಲ್ಲಿ ನಿಂತಾಗ ಅತ್ತೆ, ಅಪ್ಪ ಕಳಿಸಿದನಾ ಎಂದು ಕೇಳಿದಳಂತೆ. ಇಲ್ಲ, ನಾನೇ ಬಂದೆ ಎಂದಳಂತೆ ಇವಳು. ಆಕೆ ಅವಳ ಕೈಯ ಬ್ಯಾಗು ನೋಡಿ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಒಳಗೆ ಬಾ ಎಂದಳಂತೆ. ಅಷ್ಟೇ. ಆದರೆ ಈ ಮನೆಯ ಹೊಸಿಲು ನಿಮ್ಮಪ್ಪ ತುಳಿಯಕೂಡದು ಎಂದೂ ಹೇಳಿದಳಂತೆ.

ಒಳಗೆ ಬನ್ನಿ ಎಂದೆ. ಬರಲಿಲ್ಲ. ಕೈಯಲ್ಲಿದ್ದ ಯಾವುದೋ ಚೀಟಿಯನ್ನು ಉದ್ದಕ್ಕೆ ಮಡಚುತ್ತಾ ನಿಂತರು.

"ನಿಮ್ ನೀರ್ಗೇ ಆದ್ದು ಇದೆಲ್ಲ. ಅದ್ಕೆ ನಿಮ್ಮನ್ನೇ ಕೇಳ್ತೀನಿ ತಂಗ್ಯವ್ವ. ನಾನ್ ಮಾಡಿದ್ದು ತಪ್ಪಾ?"

ಅಷ್ಟು ದೊಡ್ಡ ಮಾತನ್ನು ನನ್ನನ್ನು ಕೇಳುವವರೂ ಉಂಟೇ ಎಂದು ಒಂದು ದಿಗಿಲು. ಆದರೂ ಬಾಯಿಂದ ಬಂದೇಬಿಟ್ಟಿತು.

"ತಪ್ಪಣ್ಣ."

ಅವರು ತಲೆಯಾಡಿಸಿದರು. "ಇನ್ನೊಂದ್ ಸಲ ಅಂಗೇ ಬಂದ್ರೆ ಆ ವಾಲ್ವು ತಿರುಗಿಸ್ದೆ ಇರಾಕೆ ನನ್ ಕೈಲಾಗಾಕಿಲ್ಲ. ಆದ್ರೆ ಮೊದ್ಲು ಮಗಳ್ನ ಕೇಳ್ತೀನಿ" ಎಂದರು.

"ಅವ್ಳು ಬ್ಯಾಡ ಅಂದ್ರೆ?"

ಕೇಳಿದ್ದು ನಾನೇ. ಕೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅವರು ನನ್ನ ಮುಖವನ್ನು ನೋಡಿದರು, ಮೆಟ್ಟಿಲ ಕಂಬಿಯ ಮೇಲೆ ಕೈ ಇಟ್ಟರು. ಆಮೇಲೆ ತಿರುಗಿ ಇಳಿಯತೊಡಗಿದರು. ಒಂದೊಂದು ಮಹಡಿಗೂ ಅವರ ಚಪ್ಪಲಿಯ ಸದ್ದು ನಿಲ್ಲುತ್ತಿತ್ತು. ಉತ್ತರ ಹೊಳೆದು ಮೇಲೆ ಬರುತ್ತಾರೇನೋ ಎಂದು ನಾನು ಬಾಗಿಲು ಹಾಕದೆ ಕಾದೆ. ಮತ್ತೆ ಸದ್ದು ಶುರುವಾಗಿ, ಇನ್ನೊಂದು ಮಹಡಿ ಕೆಳಗೆ ಹೋಗಿ ನಿಲ್ಲುತ್ತಿತ್ತು.